ಮದ್ರಾಸು ಚೆನ್ನೈ ಆದಾಗ: ಗಣಕದ ಒಂದು ಪಾಠ

1996ರಲ್ಲಿ ನಮ್ಮ ನಗರಕ್ಕೆ ‘ಚೆನ್ನೈ’ ಎಂಬ ಹೆಸರು ಅಧಿಕೃತವಾಯಿತು. ಹಳೆಯ ಬರಹವೊಂದರ ‘ಮದ್ರಾಸ್’ ಎಂಬ ಪದವನ್ನೆಲ್ಲ ‘ಚೆನ್ನೈ’ ಎಂದು ತಿದ್ದುವಂತೆ ಗಣಕಕ್ಕೆ ಹೇಳಿದೆವೆನ್ನೋಣ. ಜಾವಾಸ್ಕ್ರಿಪ್ಟ್ ಭಾಷೆಯ ‘ರಿಪ್ಲೇಸ್’ ಕ್ರಿಯೆಗೆ ಬರಿಯ ಪದವನ್ನು ಕೊಟ್ಟರೆ ಅದು ಮೊದಲನೆಯದನ್ನು ಮಾತ್ರ ತಿದ್ದುತ್ತದೆ. ‘ರಿಪ್ಲೇಸ್‌ಆಲ್’ ಎಲ್ಲವನ್ನೂ ತಿದ್ದುತ್ತದೆ. ಆಗ 1857ರಲ್ಲಿ ಸ್ಥಾಪಿತವಾದ ಮದ್ರಾಸ್ ವಿಶ್ವವಿದ್ಯಾನಿಲಯವೂ ಮದ್ರಾಸ್ ಹೈಕೋರ್ಟೂ ಹೆಸರು ಕಳೆದುಕೊಳ್ಳುವುವು! ಅವೆರಡೂ ಇಂದಿಗೂ ಹಳೆಯ ಹೆಸರನ್ನೇ ಧರಿಸಿವೆಯಷ್ಟೆ.

ಈ ಭಾಷೆಯ 2015ರ ಆವೃತ್ತಿಯು ಇದಕ್ಕೊಂದು ಉಪಾಯವನ್ನು ಒದಗಿಸಿತು. ಹುಡುಕಬೇಕಾದ ಪದದ ಸ್ಥಾನದಲ್ಲಿ ನಾವೇ ರಚಿಸಿದ ‘ಆಬ್ಜೆಕ್ಟ್’ ಒಂದನ್ನು ಇಡಬಹುದು. ಅದರಲ್ಲಿ ‘ಸಿಂಬಲ್.ರಿಪ್ಲೇಸ್’ ಎಂಬ ಗುರುತಿನ ವಿಧಾನವಿದ್ದರೆ, ‘ರಿಪ್ಲೇಸ್’ ತಾನು ತಿದ್ದಹೋಗದೆ ಬರಹವನ್ನೂ ಹೊಸ ಪದವನ್ನೂ ಆ ವಿಧಾನಕ್ಕೆ ಒಪ್ಪಿಸಿ, ಅದು ಮರಳಿಸಿದ್ದನ್ನೇ ನಮಗೆ ಕೊಡುತ್ತದೆ. ಮುಂದೆ ‘ಹೈಕೋರ್ಟ್’ ಎಂದಿದ್ದರೆ ಮುಟ್ಟಬೇಡ ಎಂಬ ನಿಯಮವನ್ನು ನಾವು ಅಲ್ಲಿಯೇ ಬರೆಯಬಹುದು. ಮೂಲ ಬರಹವು ಕೆಡುವುದಿಲ್ಲ. ತಿದ್ದಿದ ಪ್ರತಿ ಬೇರೆಯಾಗಿ ದೊರೆಯುತ್ತದೆ.

ಕನ್ನಡಿಗರಾದ ನಮಗೆ ಇನ್ನೊಂದು ತೊಡಕುಂಟು. ‘ಮದ್ರಾಸಿನಲ್ಲಿ’ ಎಂಬಲ್ಲಿ ‘ಸ್’ ಇಲ್ಲ, ‘ಸಿ’ ಇದೆ. ಆದುದರಿಂದ ‘ಮದ್ರಾಸ್’ ಎಂದು ಹುಡುಕುವ ಗಣಕಕ್ಕೆ ಅದು ಕಾಣಿಸುವುದೇ ಇಲ್ಲ. ಅದನ್ನು ‘ಚೆನ್ನೈಯಲ್ಲಿ’ ಎಂದು ಮಾಡುವ ನಿಯಮವನ್ನೂ ಅದೇ ವಿಧಾನದೊಳಗೆ ನಾವು ಸೇರಿಸಬೇಕಾಗುತ್ತದೆ.