ಚಿಲ್ಲರೆ ಯಂತ್ರದಲ್ಲಿ ಸಿಲುಕಿದ ಹಣ: ಹೊಣೆ ಯಾರದು?

ಗ್ರಾಹಕನೊಬ್ಬನು ಅಂಗಡಿಯ ಚಿಲ್ಲರೆ ಯಂತ್ರಕ್ಕೆ 100 ರೂಪಾಯಿಯ ನೋಟು ಹಾಕುತ್ತಾನೆ. 60 ರೂಪಾಯಿಯ ನಾಣ್ಯಗಳು ಮಾತ್ರ ಹೊರಬರುತ್ತವೆ. ರಸೀದಿಯಿಲ್ಲ, ಸಾಕ್ಷಿಯಿಲ್ಲ. ಹೀಗಿರುವಾಗ ವರ್ತಕನ ಹೊಣೆಯೇನು?

ಇಂಗ್ಲೆಂಡಿನಲ್ಲಿ 1970ರಲ್ಲಿ ತೀರ್ಮಾನವಾದ ‘ಥಾರ್ನ್‌ಟನ್ ವಿರುದ್ಧ ಷೂ ಲೇನ್ ಪಾರ್ಕಿಂಗ್’ ಮೊಕದ್ದಮೆಯಲ್ಲಿ ಲಾರ್ಡ್ ಡೆನ್ನಿಂಗ್ ಅವರು ಈ ಬಗೆಯ ವ್ಯವಹಾರವನ್ನು ವಿಶ್ಲೇಷಿಸಿದರು. ಹಣ ಸ್ವೀಕರಿಸಲು ಯಂತ್ರವನ್ನು ಸಿದ್ಧವಾಗಿರಿಸುವುದೇ ಮಾಲೀಕನ ಪ್ರಸ್ತಾಪ. ಗ್ರಾಹಕನು ಹಣ ಹಾಕುವುದೇ ಅಂಗೀಕಾರ. ಅನಂತರ ಕೈಸೇರುವ ಚೀಟಿಯ ಷರತ್ತು ಅವನನ್ನು ಬಂಧಿಸದು. ಪ್ರಸ್ತಾಪದ ಷರತ್ತನ್ನು ನೆರವೇರಿಸುವುದೇ ಅಂಗೀಕಾರವೆಂದು ಭಾರತೀಯ ಕರಾರು ಅಧಿನಿಯಮ, 1872ರ 8ನೇ ಕಲಮೂ ಹೇಳುತ್ತದೆ. ಆದ್ದರಿಂದ ‘ಯಂತ್ರದ ದೋಷ’ ಎಂಬ ಉತ್ತರದಿಂದ ಮಾಲೀಕನ ಹೊಣೆ ತೀರುವುದಿಲ್ಲ.

ಇನ್ನುಳಿಯುವುದು ರುಜುವಾತಿನ ಪ್ರಶ್ನೆ. ಇದಕ್ಕೆ ಉತ್ತರ ಯಂತ್ರದೊಳಗೇ ಇದೆ. ಶುಲ್ಕ ಪಡೆಯದ ಚಿಲ್ಲರೆ ಯಂತ್ರದಲ್ಲಿ ನೋಟು ಒಳಬಂದಷ್ಟೇ ಮೌಲ್ಯದ ನಾಣ್ಯ ಹೊರಹೋಗಬೇಕು. ಒಟ್ಟು ಮೊತ್ತ ಬದಲಾಗಬಾರದು. ಬೆಳಗ್ಗೆ ತುಂಬಿದ್ದು 5,000 ರೂಪಾಯಿ, ಎಣಿಸಿದಾಗ ದೊರೆತದ್ದು 5,040 ರೂಪಾಯಿ ಎಂದಾದರೆ, ಹೆಚ್ಚುವರಿ 40 ರೂಪಾಯಿ ವರ್ತಕನ ಲಾಭವಲ್ಲ. ಗ್ರಾಹಕನ ಮಾತಿಗೆ ಅದೇ ಬಲವಾದ ಆಧಾರ.

ವರ್ತಕರು ಅನುಸರಿಸಬೇಕಾದ ಕ್ರಮ ಸರಳ: ತುಂಬಿದ ಮೊತ್ತವನ್ನು ಪ್ರತಿದಿನ ಬರೆದಿಡುವುದು, ದೂರಿನ ವೇಳೆ ಮತ್ತು ಮೊತ್ತವನ್ನು ಕೂಡಲೇ ದಾಖಲಿಸುವುದು, ಗ್ರಾಹಕನ ಎದುರಿನಲ್ಲೇ ಎಣಿಸುವುದು. ಲೆಕ್ಕ ಸ್ಪಷ್ಟವಿದ್ದಲ್ಲಿ ವಾದಕ್ಕೆ ಎಡೆಯಿರದು.