*ಇಂದಿನ ಧಮ್ಮ ಚಿಂತನೆ: ಬೈಕು, ಹಣೆಬರಹ ಮತ್ತು ಅಪ್ಪಮಾದ*



ಬಂಧುಗಳೇ, ಸಂಜೆ ಹೊತ್ತು ಸೂಳೆಕೆರೆ ಕಡೆಯ ರಸ್ತೆಯಲ್ಲಿ ನಿಂತು ನೋಡಿ. ಕೆಲಸ ಮುಗಿಸಿ ಊರಿಗೆ ಬರುವ ನಮ್ಮ ಹುಡುಗರ ಬೆನ್ನಿಗೆ ಲ್ಯಾಪ್‌ಟಾಪ್ ಬ್ಯಾಗು. ಲ್ಯಾಪ್‌ಟಾಪಿಗೆ ಒಳಗೆ ಮೆತ್ತನೆಯ ಕವರು, ಹೊರಗೆ ಮಳೆಯ ಕವರು. ತಲೆಗೆ ಏನೂ ಇಲ್ಲ. ಹೆಲ್ಮೆಟ್ ಕನ್ನಡಿಗೆ ನೇತಾಡುತ್ತಿರುತ್ತದೆ, ಪೊಲೀಸರು ಕಂಡರೆ ಹಾಕಿಕೊಳ್ಳಲು. ಕೇಳಿದರೆ, "ಮೇಷ್ಟ್ರೇ, ಹಣೇಲಿ ಬರೆದಿದ್ದು ತಪ್ಪುತ್ತಾ?"

ಹೀಗೆನ್ನುವವರಲ್ಲಿ ದೀಕ್ಷೆ ಪಡೆದವರೂ ಇದ್ದಾರೆ. ಹಣೆಬರಹ, ಹಿಂದಿನ ಜನ್ಮದ ಕರ್ಮ ಎಂದು ಹೇಳಿಯೇ ನಮ್ಮ ಅಜ್ಜಂದಿರನ್ನು ಊರ ಹೊರಗೆ ಇಟ್ಟಿದ್ದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಅದನ್ನೆಲ್ಲ ಬಿಟ್ಟು ಹೊರಬಂದರು. ಕೇರಿಯ ವಿಷಯದಲ್ಲಿ ಸುಳ್ಳಾದ ಹಣೆಬರಹ ಬೈಕಿನ ವಿಷಯದಲ್ಲಿ ನಿಜವಾಗುವುದು ಹೇಗೆ?

ಹಾಗಂತ ಅಪಾಯಕ್ಕೆ ಹೆದರಿ ಮನೆಯಲ್ಲಿ ಕೂರಿ ಎಂದು ಧಮ್ಮ ಹೇಳುವುದಿಲ್ಲ. ಬಸ್ಸಿಲ್ಲದ ಹೊತ್ತಿಗೆ ಕೆಲಸ ಬಿಡುವವನಿಗೆ ಬೈಕೇ ಗತಿ. ಎಷ್ಟೋ ಮನೆಗಳಲ್ಲಿ ಲ್ಯಾಪ್‌ಟಾಪಿನ ಮುಂದೆ ಕೂತು ದುಡಿಯುವ ಮೊದಲ ತಲೆಮಾರು ಇದು. ಅದನ್ನು ಬಿಡು ಎನ್ನಲು ನನಗಂತೂ ಬಾಯಿ ಬರುವುದಿಲ್ಲ.

'ಬುದ್ಧ ಮತ್ತು ಆತನ ಧಮ್ಮ'ದಲ್ಲಿ ಬರುವ ರೋಹಿಣಿ ನದಿಯ ಪ್ರಸಂಗ ನೆನಪಿಸಿಕೊಳ್ಳಿ. ನೀರಿಗಾಗಿ ಶಾಕ್ಯರಿಗೂ ಕೋಲಿಯರಿಗೂ ಜಗಳ. (ಕೆರೆ ನೀರು ನಂಬಿದ ನಮಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.) ಶಾಕ್ಯ ಸಂಘ ಯುದ್ಧವೇ ಆಗಲಿ ಎಂದಿತು, ಸಿದ್ಧಾರ್ಥ ಒಪ್ಪಲಿಲ್ಲ. ಯುದ್ಧಕ್ಕೆ ಸೇರಬೇಕು, ಇಲ್ಲವೇ ಗಲ್ಲು ಅಥವಾ ಗಡೀಪಾರು, ಅದೂ ಇಲ್ಲವೆಂದರೆ ಮನೆಯವರಿಗೆ ಬಹಿಷ್ಕಾರ, ಜಮೀನು ಜಪ್ತಿ. ಸಿದ್ಧಾರ್ಥ ಪರಿವ್ರಾಜಕನಾಗಿ ದೇಶ ಬಿಡಲು ಒಪ್ಪಿದ. ಅಪಾಯವನ್ನು ಅಳೆದು ನೋಡಿ ತನ್ನ ಮೈಮೇಲೆ ಹಾಕಿಕೊಂಡ, ಮನೆಯವರ ಮೇಲೆ ಬೀಳಲು ಬಿಡಲಿಲ್ಲ. ಹೆಲ್ಮೆಟ್ ಹಾಕದವನ ಲೆಕ್ಕ ಇದಕ್ಕೆ ಪೂರಾ ಉಲ್ಟಾ. ತಲೆ ಅವನದು; ಆಸ್ಪತ್ರೆ ಬಿಲ್ಲು, ಬೈಕಿನ ಕಂತು, ಮುಂದಿನ ವರ್ಷಗಳೆಲ್ಲ ಅವ್ವನ ಪಾಲಿಗೆ.

ಬಾಬಾಸಾಹೇಬರೂ ಅಪಘಾತಕ್ಕೆ ಸಿಕ್ಕಿದ್ದರು. 1929ರಲ್ಲಿ ಚಾಳೀಸಗಾಂವ್‌ನಲ್ಲಿ ಅವರನ್ನು ಕೂರಿಸಿಕೊಂಡು ಟಾಂಗಾ ಓಡಿಸಲು ಟಾಂಗಾದವರು ಒಪ್ಪಲಿಲ್ಲ. ಅತಿಥಿ ನಡೆದು ಬಂದರೆ ಅಗೌರವ ಎಂದು ಕೇರಿಯವರು ಟಾಂಗಾ ಬಾಡಿಗೆಗೆ ತಂದು, ಓಡಿಸಲು ಬಾರದ ತಮ್ಮವನೊಬ್ಬನನ್ನೇ ಕೂರಿಸಿದರು. ನದಿಯ ಮೋರಿಯ ಮೇಲೆ ಅಪಘಾತವಾಗಿ ಬಾಬಾಸಾಹೇಬರು ಕಲ್ಲುಹಾಸಿನ ಮೇಲೆ ಬಿದ್ದರು, ಕಾಲು ಮುರಿಯಿತು. ಅದನ್ನು ಬರೆಯುವಾಗ ಅವರು ವಿಧಿಯನ್ನು ದೂರಲಿಲ್ಲ. ಟಾಂಗಾದವನ ಜಾತಿಯ ಹಮ್ಮು, ನಮ್ಮವರ ಅತಿ ಮರ್ಯಾದೆ, ಎರಡನ್ನೂ ಕಾರಣವಾಗಿ ಎತ್ತಿ ತೋರಿಸಿದರು. ಪಟಿಚ್ಚಸಮುಪ್ಪಾದವನ್ನು ಪಾಠ ಮಾಡಲು ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಐದನೇ ಶೀಲದಲ್ಲಿ ನಾವು ಹೇಳುವ 'ಪಮಾದ'ವೇ ಕನ್ನಡದ 'ಪ್ರಮಾದ'. ಕನ್ನಡದಲ್ಲಿ ಅದಕ್ಕೆ ದೊಡ್ಡ ತಪ್ಪು ಎಂಬ ಅರ್ಥ ಬಂದಿದೆ, ಪಾಲಿಯಲ್ಲಿ ಮೈಮರೆವು. ಅದಿಲ್ಲದ ಎಚ್ಚರವೇ ಅಪ್ಪಮಾದ. ಪರಿನಿಬ್ಬಾಣಕ್ಕೆ ಮುಂಚೆ ಬುದ್ಧರು ಹೇಳಿದ ಕೊನೆಯ ಮಾತಿನಲ್ಲಿ ಅನಿತ್ಯವೂ ಇದೆ, ಅಪ್ಪಮಾದವೂ ಇದೆ. ನಮ್ಮ ಹುಡುಗರು ಮೊದಲನೆಯದನ್ನು ಮಾತ್ರ ಇಟ್ಟುಕೊಂಡಿದ್ದಾರೆ. ರಾತ್ರಿ ಒಂದರವರೆಗೆ ಲ್ಯಾಪ್‌ಟಾಪ್ ನೋಡಿ ಬೆಳಿಗ್ಗೆ ಆರಕ್ಕೆ ಬೈಕು ಹತ್ತುವುದೂ ಪಮಾದವೇ. ಕುಡಿಯದಿದ್ದರೇನು, ನಿದ್ದೆಗೆಟ್ಟ ಕಣ್ಣಿಗೂ ಅಮಲಿರುತ್ತದೆ.

ಭಾನುವಾರದ ವಂದನೆಗೆ ಬೈಕಿನಲ್ಲಿ ಬರುವವರು ಹಿಂದೆ ಕೂರುವವರಿಗೂ ಒಂದು ಹೆಲ್ಮೆಟ್ ತನ್ನಿ. ಕಾನೂನೂ ಇಬ್ಬರಿಗೂ ಅದನ್ನೇ ಹೇಳುತ್ತದೆ. ಪಟ್ಟಿ ಸಡಿಲವಿದ್ದರೆ ಅಲ್ಲೇ ಬಿಗಿ ಮಾಡಿಕೊಡೋಣ.

ಜೈ ಭೀಮ್ 🙏