ಹಾಸಿಗೆಗಳು ಪಳಗಿಸಿದ ನಾದ

೧೯೭೧ರ ಡಿಸೆಂಬರ್ ೪ರಂದು ಸ್ವಿಟ್ಜರ್ಲೆಂಡಿನ ಮಾಂಟ್ರೋ ನಗರದ ಕ್ಯಾಸಿನೊ ಬೆಂಕಿಗೆ ಆಹುತಿಯಾಯಿತು. ಅಲ್ಲಿ ‘ಮೆಷೀನ್ ಹೆಡ್’ ಎಂಬ ರಾಕ್ ಗೀತಸಂಪುಟವನ್ನು ಮುದ್ರಿಸಲು ಬಂದಿದ್ದ ಇಂಗ್ಲೆಂಡಿನ ‘ಡೀಪ್ ಪರ್ಪಲ್’ ತಂಡಕ್ಕೆ ನೆಲೆಯೇ ಇಲ್ಲವಾಯಿತು. ಕೊನೆಗೆ ಬಹುಪಾಲು ಗೀತೆಗಳ ಮುದ್ರಣಕ್ಕೆ ಒದಗಿದುದು ಚಳಿಗಾಲದಲ್ಲಿ ಮುಚ್ಚಿದ್ದ ಗ್ರಾಂಡ್ ಹೋಟೆಲು.

ಗಟ್ಟಿ ಗೋಡೆಗೆ ತಾಗಿದ ಶಬ್ದದ ಶಕ್ತಿಯಲ್ಲಿ ಬಹುಭಾಗವು ಹಿಂದಿರುಗುವುದು. ಮೂಲಧ್ವನಿ ನಿಂತ ಮೇಲೂ ಹೀಗೆ ಉಳಿಯುವ ಧ್ವನಿಯೇ ಅನುರಣನ. ಅದು ಮಿತಿಮೀರಿದರೆ ಒಂದು ಪೆಟ್ಟಿನ ನಾದವು ಮುಂದಿನದರೊಡನೆ ಕಲಸಿಹೋಗುವುದು. ಆದುದರಿಂದ ತಂಡದವರು ಹೋಟೆಲಿನ ಹಾಸಿಗೆಗಳನ್ನೇ ತಂದು ಅಡ್ಡವಿರಿಸಿದರು. ಹಾಸಿಗೆಯ ಸೂಕ್ಷ್ಮ ರಂಧ್ರಗಳಲ್ಲಿ ಕಂಪಿಸುವ ಗಾಳಿಯು ಎಳೆಗಳೊಡನೆ ಘರ್ಷಿಸುವುದರಿಂದ ಧ್ವನಿಶಕ್ತಿಯು ಉಷ್ಣವಾಗಿ ಮಾರ್ಪಡುವುದು. ೧೯೭೨ರ ಮಾರ್ಚ್ ತಿಂಗಳಲ್ಲಿ ಸಂಪುಟವು ಹೊರಬಂದಿತು.

ವಿದ್ಯಾರ್ಥಿಗಳು ಬರಿಯ ಕೊಠಡಿಯಲ್ಲೊಮ್ಮೆ, ಹಾಸಿಗೆಗಳಿರುವ ಕೊಠಡಿಯಲ್ಲೊಮ್ಮೆ ಚಪ್ಪಾಳೆ ತಟ್ಟಿ ಈ ಭೇದವನ್ನು ಸ್ವತಃ ಪರೀಕ್ಷಿಸಬಹುದು.